ಕೊಡಗಿನ ಕಾಡು ಪರ್ಸಿಮನ್ ಮರಗಳು: ಗುರುತಿಸಿ, ಬೀಜ ತಂದು, ತಕ್ಕ ಜಾಗದಲ್ಲಿ ಬೆಳೆಸುವ ಬಗೆ

ಹಣ್ಣಿನಂಗಡಿಗೆ ಬರುವ ಕಿತ್ತಳೆ ಬಣ್ಣದ ಪರ್ಸಿಮನ್ ಡಯೋಸ್ಪೈರಸ್ ಕಾಕಿ ಎಂಬ ಮರದ ಹಣ್ಣು. ಪೂರ್ವ ಏಷ್ಯಾದ ಆ ಮರ ನಮ್ಮ ದೇಶದಲ್ಲಿ ಹಿಮಾಚಲ, ಕಾಶ್ಮೀರ, ನೀಲಗಿರಿಯಂಥ ತಂಪು ಸೀಮೆಗಳಲ್ಲಿ ನೆಲೆಯೂರಿದೆ. ಅದೇ ಡಯೋಸ್ಪೈರಸ್ ಕುಲದ ಹತ್ತಕ್ಕೂ ಹೆಚ್ಚು ಜಾತಿಗಳು ಪಶ್ಚಿಮಘಟ್ಟದಲ್ಲಿ ಯಾರೂ ನೆಡದೆ ತಾವಾಗಿ ಬೆಳೆದಿವೆ. ಕೊಡಗಿನ ಹೊಳೆದಂಡೆ, ದೇವರಕಾಡು, ಬಾಣೆ (ಗದ್ದೆಗೆ ಸೇರಿದ ಮರಗಾಡಿನ ಜಾಗ), ಪೂರ್ವದ ಒಣಕಾಡು ಎಲ್ಲ ಕಡೆಯೂ ಇವುಗಳಲ್ಲಿ ಒಂದಲ್ಲ ಒಂದು ಸಿಗುತ್ತದೆ. ತೂಪರೆ, ಹೊಳೆತೂಪರೆ, ಜಗಳಗಂಟಿ, ಕರಿಮರ ಎಂಬ ಹೆಸರುಗಳು ಈ ಕುಲದವಕ್ಕೆ ಸೇರಿದವು.

ತೋಟದಂಚಿನಲ್ಲೋ ಬಾಣೆಯಲ್ಲೋ ಇವನ್ನು ಬೆಳೆಸಲು ಹೊರಟವರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ. ನೆಟ್ಟ ಗಿಡ ಸತ್ತರೆ ಹೆಚ್ಚಿನ ಸಲ ಕಾರಣ ತಪ್ಪು ಜಾಗ. ಕುಶಾಲನಗರದ ಕಡೆಯ ಒಣಕಾಡಿನ ತೂಪರೆಯನ್ನು ಭಾಗಮಂಡಲದ ಮಳೆಗೆ ಒಯ್ದರೆ ಬೇರು ಕೊಳೆಯುತ್ತದೆ. ಮಾಕುಟ್ಟದ ದಟ್ಟಕಾಡಿನ ಕರಿಮರವನ್ನು ಬಟಾಬಯಲಿನಲ್ಲಿ ನೆಟ್ಟರೆ ಫೆಬ್ರವರಿಯ ಬಿಸಿಲಿಗೆ ಎಲೆ ಸುಟ್ಟುಹೋಗುತ್ತದೆ. ಎರಡೂ ಒಂದೇ ಕುಲದ ಮರಗಳೆಂದು ಒಂದೇ ರೀತಿ ನೋಡಿಕೊಂಡರೆ ಎರಡೂ ಉಳಿಯುವುದಿಲ್ಲ. ಅದಕ್ಕೇ ಇಲ್ಲಿ ಮೊದಲು ಜಾಗ, ಆಮೇಲೆ ಮರ, ಅದರ ನಂತರ ಬೀಜ.

ನಿಮ್ಮ ಜಾಗ ಯಾವ ಕೊಡಗಿನಲ್ಲಿದೆ?

ಜಿಲ್ಲೆ ಚಿಕ್ಕದಾದರೂ ಮಳೆ ಒಂದೇ ಸಮ ಇಲ್ಲ. ಕುಶಾಲನಗರದ ಆಸುಪಾಸಿನಲ್ಲಿ ವರ್ಷಕ್ಕೆ 1000 ಮಿ.ಮೀ. ಸುಮಾರಿಗೆ ನಿಲ್ಲುವ ಮಳೆ ಮಡಿಕೇರಿಯಲ್ಲಿ 3000 ದಾಟುತ್ತದೆ. ತಲಕಾವೇರಿ, ಪುಷ್ಪಗಿರಿಯ ಇಳಿಜಾರುಗಳಲ್ಲಿ ಇನ್ನೂ ಹೆಚ್ಚು. ನಡುವೆ ಇರುವುದು ಐವತ್ತು ಕಿಲೋಮೀಟರ್ ಆಸುಪಾಸಿನ ದೂರ. ಈ ಮರಗಳು ಹಂಚಿಕೊಂಡಿರುವುದೂ ಅದೇ ಲೆಕ್ಕದಲ್ಲಿ.

ಪೂರ್ವದ ಎಲೆಯುದುರುವ ಕಾಡು, ಅಂದರೆ ನಾಗರಹೊಳೆ, ಆನೆಚೌಕೂರು, ದುಬಾರೆ ಕಡೆಯದು, ತೂಪರೆ ಮತ್ತು ಜಗಳಗಂಟಿಯ ನೆಲೆ. ತೂಪರೆ ಅಂದರೆ ಬೀಡಿ ಎಲೆಯ ಮರವೇ, ಡಯೋಸ್ಪೈರಸ್ ಮೆಲನಾಕ್ಸಿಲಾನ್. ಕಲ್ಲುಮಿಶ್ರಿತ ಕೆಂಪುಮಣ್ಣು, ನೀರು ನಿಲ್ಲದ ಇಳಿಜಾರು, ತುಂಬು ಬಿಸಿಲು ಇದಕ್ಕೆ ಬೇಕು. ಜಗಳಗಂಟಿ, ಡಯೋಸ್ಪೈರಸ್ ಮೊಂಟಾನಾ, ಸ್ವಲ್ಪ ಹೆಚ್ಚು ಹೊಂದಿಕೊಳ್ಳುವ ಮರ. ಒಣಕಾಡಿನಿಂದ ಅರೆ ತೇವದ ಕಾಡಿನವರೆಗೆ ಬರುತ್ತದೆ, ಪೊದೆಯ ಅಂಚು, ಬೇಲಿಸಾಲಿನಲ್ಲೂ ನಿಲ್ಲುತ್ತದೆ.

ಹೊಳೆದಂಡೆ ಹೊಳೆತೂಪರೆಯದು. ಡಯೋಸ್ಪೈರಸ್ ಮಲಬಾರಿಕಾ ಎಂಬ ಈ ಮರಕ್ಕೆ ವರ್ಷವಿಡೀ ತೇವ ಇರುವ ಮೆಕ್ಕಲುಮಣ್ಣು ಬೇಕು. ಮಳೆಗಾಲದಲ್ಲಿ ಕೆಲವು ದಿನ ಬುಡಕ್ಕೆ ನೀರೇರಿದರೂ ತಡೆಯುತ್ತದೆ. ಕಾವೇರಿ, ಲಕ್ಷ್ಮಣತೀರ್ಥ ಮತ್ತು ಅವುಗಳಿಗೆ ಸೇರುವ ತೋಡುಗಳ ದಂಡೆಯಲ್ಲಿ ಜಾಗವಿರುವವರು ಬೇರೆ ಜಾತಿಯ ಯೋಚನೆಯನ್ನೇ ಮಾಡುವುದು ಬೇಡ.

ಪಶ್ಚಿಮದ ನಿತ್ಯಹರಿದ್ವರ್ಣ ಕಾಡಿನ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಸಾಲಿನಲ್ಲಿ ಜಾತಿಗಳು ಹೆಚ್ಚು, ಗುರುತಿಸುವುದೂ ಕಷ್ಟ. ಕರಿಮರ ಎಂದು ಒಂದೇ ಹೆಸರಿನಲ್ಲಿ ಕರೆಯುವ ಹಲವು ಮರಗಳು ಇಲ್ಲಿವೆ. ಅವುಗಳಲ್ಲಿ ಪಶ್ಚಿಮಘಟ್ಟಕ್ಕೇ ಸೀಮಿತವಾದ ಡಯೋಸ್ಪೈರಸ್ ಕ್ಯಾಂಡೋಲಿಯಾನ ಒಂದು. ಇವುಗಳಲ್ಲಿ ಹೆಚ್ಚಿನವು ದೊಡ್ಡ ಮರಗಳ ಕೆಳಗೆ, ನೆರಳಿನಲ್ಲೇ ಹುಟ್ಟಿ ನೆರಳಿನಲ್ಲೇ ನಿಧಾನವಾಗಿ ಬೆಳೆಯುವಂಥವು. ದಟ್ಟ ನೆರಳು ಉಳಿದಿರುವ ಹಳೆಯ ಕಾಫಿ ತೋಟ, ದೇವರಕಾಡಿನ ಅಂಚು, ಕಾಡಿಗೆ ತಾಗಿದ ಬಾಣೆ ಇವಕ್ಕೆ ಒಗ್ಗುತ್ತದೆ. ಸಿಲ್ವರ್ ಓಕ್ ಮಾತ್ರ ಇರುವ ತೋಟದಲ್ಲಿ ಮೊದಲ ಕೆಲವು ವರ್ಷ ಇವನ್ನು ಉಳಿಸಿಕೊಳ್ಳುವುದು ದೊಡ್ಡ ಕೆಲಸ, ಏಕೆಂದರೆ ಅದರ ನೆರಳು ತೆಳುವು, ಬೇಸಿಗೆಯ ಬಿಸಿಲು ನೇರ ಬೀಳುತ್ತದೆ.

ಮರ ಗುರುತಿಸುವುದು

ಹಣ್ಣೋ ಕಾಯೋ ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ತೊಟ್ಟಿನ ಕಡೆ ದಪ್ಪವಾದ, ಗಟ್ಟಿಯಾದ ಪುಷ್ಪಪಾತ್ರೆ ಉಳಿದುಕೊಂಡಿರುತ್ತದೆ. ಹೂವಿನ ಹಸಿರು ಭಾಗ ಉದುರದೆ, ಕಾಯಿಯ ಜೊತೆಗೇ ಬೆಳೆದು, ನಾಲ್ಕೈದು ಎಸಳಾಗಿ ಕಾಯಿಗೆ ಅಂಟಿ ಕೂರುವುದು ಈ ಕುಲದ ಗುರುತು. ಬದನೆಯಲ್ಲೂ ಹೀಗೇ ಇರುತ್ತದಲ್ಲ ಎನ್ನಬಹುದು. ಆದರೆ ಕಾಡುಮರಗಳ ನಡುವೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. ಒಳಗೆ ಅಂಟು ತಿರುಳು, ಅದರಲ್ಲಿ ಚಪ್ಪಟೆಯಾದ ಕಂದು ಬೀಜಗಳು.

ಕಾಯಿ ಇಲ್ಲದ ಕಾಲದಲ್ಲಿ ತೊಗಟೆ ಮತ್ತು ಎಲೆ ನೋಡಬೇಕು. ತೊಗಟೆ ಹೆಚ್ಚಿನವಲ್ಲಿ ಕಪ್ಪು ಇಲ್ಲವೇ ಕಪ್ಪುಗೂಡಿದ ಬೂದು. ತೂಪರೆಯಲ್ಲಿ ಅದು ಚೌಕ ಚೌಕವಾಗಿ ಆಳಕ್ಕೆ ಬಿರಿದಿರುತ್ತದೆ. ಎಲೆಯಂಚಿನಲ್ಲಿ ಹಲ್ಲಿಲ್ಲ, ಎಲೆ ದಪ್ಪ, ಒಂದರ ನಂತರ ಒಂದರಂತೆ ಅದಲುಬದಲಾಗಿ ಜೋಡಣೆ. ತೂಪರೆಯಲ್ಲಿ ಮಾತ್ರ ಎರಡೆರಡು ಎಲೆ ಹೆಚ್ಚುಕಡಿಮೆ ಎದುರುಬದುರಾಗಿ ಇರುವುದೂ ಉಂಟು. ನೆಲಕ್ಕೆ ಬಿದ್ದ ಎಲೆ ಒಣಗುತ್ತ ಕಪ್ಪಾಗುವುದನ್ನು ಅನೇಕ ಜಾತಿಗಳಲ್ಲಿ ಕಾಣಬಹುದು.

ಇಷ್ಟಾದ ಮೇಲೆ ಒಂದು ಪರೀಕ್ಷೆ ಮಾಡಿ. ಎಳೆಯ ಎಲೆಯೊಂದನ್ನು ತೊಟ್ಟಿನಲ್ಲಿ ಮುರಿದು ಅರ್ಧ ನಿಮಿಷ ಕಾಯಿರಿ. ಬಿಳಿ ಹಾಲು ಬಂದರೆ ಅದು ಬಕುಳದ ಬಳಗ. ತೊಗಟೆಯ ಗಾಯದಲ್ಲಿ ಕೆಂಪು ರಸ ಜಿನುಗಿದರೆ ರಾಮಪತ್ರೆಯ ಬಳಗ. ಹಳದಿ ಅಂಟು ಬಂದು ಎಲೆಗಳು ಎದುರುಬದುರಾಗಿದ್ದರೆ ಕಾಚಂಪುಳಿಗೆ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಬಳಸುವ ಹುಳಿಹಣ್ಣಿನ ಮರದ ಬಳಗ. ಡಯೋಸ್ಪೈರಸ್‌ನಲ್ಲಿ ಈ ಮೂರೂ ಬರುವುದಿಲ್ಲ.

ಜಾತಿಯಿಂದ ಜಾತಿಗೆ ವ್ಯತ್ಯಾಸ ಹೀಗೆ. ಹೊಳೆತೂಪರೆಯ ಎಲೆ ಉದ್ದ, ಹೊಳಪು, ಹತ್ತು ಸೆಂ.ಮೀ.ನಿಂದ ಗೇಣುದ್ದದವರೆಗೆ, ಚಿಗುರು ಕೆಂಪು. ಕಾಯಿ 4ರಿಂದ 6 ಸೆಂ.ಮೀ. ಅಗಲ, ಮೇಲೆ ತುಕ್ಕುಬಣ್ಣದ ಧೂಳು ಕೈಗೆ ಹತ್ತುತ್ತದೆ. ತೂಪರೆಯ ಎಲೆ ದಪ್ಪ ಚರ್ಮದಂತೆ, ಎಳೆಯದಾಗಿದ್ದಾಗ ಅಡಿಯಲ್ಲಿ ರೋಮ. ಹಣ್ಣು 3-4 ಸೆಂ.ಮೀ., ಹಳದಿ, ಬೇಸಿಗೆಯಲ್ಲಿ ಹಣ್ಣಾಗುತ್ತದೆ. ಜಗಳಗಂಟಿ ಚಿಕ್ಕ ಮರ, ಎಲೆ ತೆಳು, ಎಳೆಯ ಮರದ ಕಾಂಡದಲ್ಲಿ ಮುಳ್ಳು ಇರುವುದುಂಟು, ಕಾಯಿ ಉರುಟು, 2-3 ಸೆಂ.ಮೀ. ದಟ್ಟಕಾಡಿನ ಡಯೋಸ್ಪೈರಸ್ ಬಕ್ಸಿಫೋಲಿಯಾ ಗುರುತಿಸುವುದು ಸುಲಭ: ಬೃಹತ್ ಮರ, ಆದರೆ ಎಲೆ ಮಾತ್ರ ಎರಡು ಮೂರು ಸೆಂ.ಮೀ. ಉದ್ದದ್ದು. ಉಳಿದ ಕರಿಮರಗಳ ವಿಷಯದಲ್ಲಿ ಊಹೆ ಬೇಡ. ಕಾಯಿ ಸಮೇತ ಒಂದು ರೆಂಬೆ, ತೊಗಟೆಯ ಚಿತ್ರ, ಎಲೆಯ ಎರಡೂ ಬದಿಯ ಚಿತ್ರ ತೆಗೆದುಕೊಂಡು ಪೊನ್ನಂಪೇಟೆಯ ಅರಣ್ಯ ಕಾಲೇಜಿನಂಥ ಕಡೆ ಬಲ್ಲವರಿಗೆ ತೋರಿಸಿ.

ತಿನ್ನುವ ವಿಚಾರ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ತೂಪರೆಯ ಹಣ್ಣು ಚೆನ್ನಾಗಿ ಮಾಗಿದ ಮೇಲೆ ಸಿಹಿ, ತಿನ್ನಬಹುದು. ಹೊಳೆತೂಪರೆಯ ಮಾಗಿದ ಹಣ್ಣೂ ತಿನ್ನುವಂಥದ್ದೇ, ರುಚಿ ಸಾಧಾರಣ. ಕಾಯಿಯಲ್ಲಿ ಟ್ಯಾನಿನ್ ವಿಪರೀತ, ನಾಲಿಗೆ ಒಗರಿಗೆ ದಪ್ಪಗಟ್ಟುತ್ತದೆ. ದೋಣಿ, ಬಲೆಗಳಿಗೆ ಹೊಳೆತೂಪರೆಯ ಕಾಯಿರಸ ಬಳಿಯುವ ರೂಢಿ ಕೇರಳ, ಬಂಗಾಳಗಳಲ್ಲಿ ಇದ್ದುದು ಈ ಟ್ಯಾನಿನ್ ಕಾರಣಕ್ಕೇ. ಜಗಳಗಂಟಿಯ ಕಾಯಿ ಮಾತ್ರ ಬಾಯಿಗೆ ಹಾಕಬೇಡಿ. ಮೀನು ಮತ್ತುಗೊಳಿಸಲು ಹೊಳೆಗೆ ಜಜ್ಜಿ ಹಾಕುತ್ತಿದ್ದ ಕಾಯಿ ಅದು. ಹೆಸರು ಖಚಿತವಾಗದ ಯಾವ ಕಾಡು ಡಯೋಸ್ಪೈರಸ್ ಹಣ್ಣನ್ನೂ ತಿನ್ನಬಾರದು, ಮಕ್ಕಳಿಗೂ ಇದನ್ನು ಹೇಳಿಕೊಡಿ.

ನೆಡುವ ಮೊದಲು ಇರುವುದನ್ನು ಉಳಿಸಿ

ಸಸಿ ಮಾಡುವ ಉತ್ಸಾಹದಲ್ಲಿ ಎಲ್ಲರೂ ದಾಟಿ ಹೋಗುವ ಹೆಜ್ಜೆ ಇದು, ಖರ್ಚಿಲ್ಲದ್ದೂ ಹೌದು. ತೋಟದ ಅಂಚಿನಲ್ಲಿ, ತೋಡಿನ ಬದಿಯಲ್ಲಿ, ಬಾಣೆಯಲ್ಲಿ ಪುನುಗಿನ ಬೆಕ್ಕು, ಮಂಗ, ಬಾವಲಿಗಳು ಬೀಳಿಸಿದ ಬೀಜದಿಂದ ಹುಟ್ಟಿದ ಸಸಿಗಳು ಇದ್ದೇ ಇರುತ್ತವೆ. ಕಳೆ ಕೊಚ್ಚುವಾಗ ಪ್ರತಿವರ್ಷ ಅವು ಹೋಗುತ್ತವೆ. ಕಳೆ ಕೊಚ್ಚುವ ಯಂತ್ರ ಬಂದ ಮೇಲಂತೂ ಕತ್ತಿ ಹಿಡಿದವರು ಬಿಟ್ಟು ಹೋಗುತ್ತಿದ್ದುದೂ ಉಳಿಯುತ್ತಿಲ್ಲ.

ಮುಂಗಾರಿನ ಮೊದಲ ಕಳೆಗೆ ಮುಂಚೆ ಒಂದು ಬೆಳಗ್ಗೆ ಜಾಗವನ್ನೆಲ್ಲ ಸುತ್ತಿ. ಕಪ್ಪು ಛಾಯೆಯ ತೆಳ್ಳನೆಯ ಕಾಂಡ, ಅದಲುಬದಲು ಎಲೆ, ಹಾಲಿಲ್ಲದ ತೊಟ್ಟು ಕಂಡ ಕಡೆ ಮೂರಡಿ ಎತ್ತರದ ಬಿದಿರಿನ ಗೂಟ ಊರಿ ತುದಿಗೆ ಬಣ್ಣ ಬಳಿಯಿರಿ. ಸುತ್ತ ಒಂದು ಮೊಳ ಕೈಯಿಂದಲೇ ಕಳೆ ಕೀಳಿಸಿ. ಲಾಂಟಾನ ಮುಚ್ಚಿಕೊಂಡಿದ್ದರೆ ಒಂದೇ ಸಲಕ್ಕೆ ಬಯಲು ಮಾಡಬೇಡಿ; ನೆರಳಿಗೆ ಒಗ್ಗಿದ ಸಸಿಗೆ ಏಕಾಏಕಿ ಬಿಸಿಲು ಬಿದ್ದರೆ ಬಾಡುತ್ತದೆ. ಮೇಲಿನ ಕೊಂಬೆಗಳನ್ನು ಮೊದಲ ಮಳೆಗಾಲಕ್ಕೆ, ಬುಡವನ್ನು ಮುಂದಿನ ಮಳೆಗಾಲಕ್ಕೆ ತೆಗೆದರೆ ಸಾಕು. ಕಾಡಿನಲ್ಲಿ ಹುಟ್ಟಿದ ಇಂಥ ಸಸಿಗಳನ್ನು ಕಿತ್ತು ಬೇರೆಡೆ ನೆಡುವ ಆಸೆ ಬೇಡ. ಒಂದಡಿ ಎತ್ತರದ ಸಸಿಯ ತಾಯಿಬೇರು ಅದಕ್ಕಿಂತ ಉದ್ದ ಇಳಿದಿರುತ್ತದೆ, ಕಿತ್ತಾಗ ತುಂಡಾಗುತ್ತದೆ, ಬಹುತೇಕ ಸಾಯುತ್ತದೆ.

ಬೀಜ ಎಲ್ಲಿಂದ, ಎಷ್ಟು

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯಗಳಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೀಜವನ್ನೂ ತರುವಂತಿಲ್ಲ. ದೇವರಕಾಡಿನಲ್ಲಿ ಊರ ಕಟ್ಟುಪಾಡೂ ಇದೆ. ದೇವಸ್ಥಾನದ ಮುಖ್ಯಸ್ಥರಾದ ತಕ್ಕರನ್ನೂ ಸಮಿತಿಯವರನ್ನೂ ಕೇಳಿ, ಅವರು ಬೇಡವೆಂದರೆ ಅಲ್ಲಿಗೆ ಬಿಡಿ. ಸ್ವಂತ ತೋಟ, ನೆರೆಹೊರೆಯವರ ಬಾಣೆ, ಹೊಳೆದಂಡೆಯ ಖಾಸಗಿ ಜಾಗದ ಮರಗಳೇ ಸಾಕು.

ಗಂಡು ಮರ ಬೇರೆ, ಹೆಣ್ಣು ಮರ ಬೇರೆ ಆಗಿರುವುದು ಈ ಕುಲದ ಸಾಮಾನ್ಯ ಸ್ವಭಾವ. ವರ್ಷ ವರ್ಷ ಹೂಬಿಟ್ಟೂ ಕಾಯಿ ಕಟ್ಟದ ಮರ ಗೊಡ್ಡಲ್ಲ, ಗಂಡು ಮರ. ಬೀಜಕ್ಕಾಗಿ ಐದಾರು ಹೆಣ್ಣು ಮರಗಳನ್ನಾದರೂ ಗುರುತಿಸಿ, ಒಂದಕ್ಕೊಂದು ದೂರವಿದ್ದಷ್ಟು ಒಳ್ಳೆಯದು. ಒಂದೇ ಮರದ ಬೀಜದಿಂದ ನೂರು ಗಿಡ ಮಾಡಿದರೆ ನೂರೂ ಒಡಹುಟ್ಟಿದವು. ಪ್ರತಿ ಮರದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಹಣ್ಣು ತೆಗೆಯಬೇಡಿ, ಉಳಿದದ್ದು ಪ್ರಾಣಿ ಪಕ್ಷಿಗಳ ಪಾಲು.

ಹಣ್ಣಾಗುವ ಕಾಲ ಮಳೆಯ ಮೇಲೆ, ಮರದ ಮೇಲೆ ಹಿಂದುಮುಂದಾಗುತ್ತದೆ. ಬಣ್ಣ ಹಳದಿಗೆ ತಿರುಗಿ, ಬೆರಳಿಗೆ ಮೆತ್ತಗಾಗಿ, ಪುಷ್ಪಪಾತ್ರೆ ಹಿಡಿದು ತಿರುಗಿಸಿದರೆ ಸುಲಭವಾಗಿ ಬಿಟ್ಟುಕೊಳ್ಳಬೇಕು. ಹಸಿರು ಕಾಯಿ ಕಿತ್ತು ತಂದು ಮಾಗಿಸಿದರೆ ಹಣ್ಣು ಮೆತ್ತಗಾದರೂ ಬೀಜ ಬಲಿತಿರುವುದಿಲ್ಲ. ನೆಲಕ್ಕೆ ಬಿದ್ದವುಗಳಲ್ಲಿ ಸಣ್ಣ ತೂತು ಇರುವುದನ್ನು ಬಿಡಿ, ಒಳಗೆ ಹುಳು ಇರುತ್ತದೆ. ಕಾಯಿಯ ಮೇಲೆ ಕಂದು ಬಣ್ಣದ ಬಿರುಸು ಕೂದಲು ದಟ್ಟವಾಗಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ತುರಿಕೆ ತರುವ ಜಾತಿಯೂ ಘಟ್ಟದಲ್ಲಿದೆ.

ತಿರುಳು ತೆಗೆಯುವುದೇ ಬೇಸರದ ಕೆಲಸ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಹಳೆಯ ಬಟ್ಟೆ ಹಾಕಿ. ಒಗರುರಸದ ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಹಣ್ಣನ್ನು ಹಿಚುಕಿ ಒಂದು ದಿನ, ಹೆಚ್ಚೆಂದರೆ ಎರಡು ದಿನ ನೀರಿನಲ್ಲಿ ನೆನೆಸಿ, ಗೋಣಿಚೀಲದ ಮೇಲೆ ಮರಳು ಅಥವಾ ಬೂದಿ ಹಾಕಿ ತಿಕ್ಕಿ, ತೊಳೆಯಿರಿ. ತಿರುಳು ಅಂಟಿಕೊಂಡೇ ಬಿತ್ತಿದರೆ ಬೂಷ್ಟು ಹಿಡಿದು ಬೀಜ ಕೊಳೆಯುತ್ತದೆ, ಇರುವೆ ಇಲಿಗಳೂ ಹುಡುಕಿಕೊಂಡು ಬರುತ್ತವೆ. ತೊಳೆದ ಬೀಜವನ್ನು ನೆರಳಿನಲ್ಲಿ ಮೇಲಿನ ನೀರು ಆರುವಷ್ಟು ಹೊತ್ತು ಮಾತ್ರ ಹರಡಿ. ಬಿಸಿಲಿಗೆ ಹಾಕಲೇಬಾರದು.

ಇಲ್ಲಿ ಮತ್ತೆ ಜಾಗದ ಮಾತು ಬರುತ್ತದೆ. ಒಣಕಾಡಿನ ತೂಪರೆಯ ಬೀಜ ಕೆಲವು ತಿಂಗಳು ಕಾಯಬಲ್ಲದು. ಬೇಸಿಗೆಯಲ್ಲಿ ತೆಗೆದದ್ದನ್ನು ಜೂನ್‌ವರೆಗೆ ಗಾಳಿಯಾಡುವ ಬಟ್ಟೆಚೀಲದಲ್ಲಿ ಇಡಬಹುದು. ಹೊಳೆತೂಪರೆ, ಕರಿಮರಗಳ ಬೀಜವನ್ನು ಹಾಗೆ ಇಡಬಾರದು. ತೇವದ ಕಾಡಿನ ಬೀಜ ಒಣಗಿದರೆ ಸತ್ತಂತೆ. ವಾರದೊಳಗೆ ಬಿತ್ತಿ, ತಡವಾದರೆ ಒದ್ದೆ ಮರಳಿನಲ್ಲಿ ಪದರ ಪದರವಾಗಿ ಹುದುಗಿಸಿಡಿ.

ಬಿತ್ತನೆ ಮತ್ತು ನರ್ಸರಿ

ಕಾಫಿ ಸಸಿಯ ಚಿಕ್ಕ ಚೀಲ ಇವಕ್ಕೆ ಸಾಲದು. ತಾಯಿಬೇರು ಬೇಗ ತಳ ಮುಟ್ಟಿ ಸುರುಳಿ ಸುತ್ತುತ್ತದೆ. ಸುರುಳಿ ಬೇರಿನ ಗಿಡ ನೆಟ್ಟ ಎರಡು ಮೂರು ವರ್ಷ ಚೆನ್ನಾಗಿದ್ದು ಆಮೇಲೆ ನಿಂತಲ್ಲೇ ಕುಗ್ಗುತ್ತದೆ, ಗಾಳಿಗೆ ವಾಲುತ್ತದೆ. ಕನಿಷ್ಠ 30 ಸೆಂ.ಮೀ. ಎತ್ತರ, 15 ಸೆಂ.ಮೀ. ಅಗಲದ ಚೀಲ ತನ್ನಿ, ಬದಿಗೂ ತಳಕ್ಕೂ ತೂತಿರಲಿ. ಎರಡು ಪಾಲು ಜರಡಿ ಹಿಡಿದ ಕಾಡುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಅರೆಕಳಿತ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ, ಗೊಬ್ಬರದ ಹುಳುವೂ ಸೇರಿಕೊಳ್ಳುತ್ತದೆ.

ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಚಪ್ಪಟೆಯಾಗಿ ಮಲಗಿಸಿ, ಮೇಲೆ ಒಂದರಿಂದ ಒಂದೂವರೆ ಸೆಂ.ಮೀ. ಮಣ್ಣು ಮುಚ್ಚಿ. ಚೀಲಕ್ಕೆ ಎರಡು ಬೀಜ. ಮೇಲೆ ತೆಳ್ಳಗೆ ಬತ್ತದ ಹುಲ್ಲು ಹರಡಿ, ಮೊಳಕೆ ಕಾಣುತ್ತಿದ್ದಂತೆ ತೆಗೆಯಿರಿ. ಒಂದು ತಿಂಗಳಿಂದ ಮೂರು ತಿಂಗಳವರೆಗೆ ಒಂದೊಂದಾಗಿ ಮೊಳೆಯುತ್ತವೆ. ಆರು ವಾರಕ್ಕೆ ಏನೂ ಬರಲಿಲ್ಲವೆಂದು ಚೀಲ ಖಾಲಿ ಮಾಡುವವರೇ ಹೆಚ್ಚು, ತಾಳ್ಮೆ ಬೇಕು.

ಮೊಳಕೆ ಬಂದ ಮೇಲೆ ಕಾಡುವ ತೊಂದರೆ ಬೀಜದ ಸಿಪ್ಪೆಯದು. ಕಾಂಡ ಬಾಗಿ ಮೇಲೆದ್ದರೂ ಗಟ್ಟಿ ಸಿಪ್ಪೆ ತಲೆಗೆ ಕಚ್ಚಿಕೊಂಡು ಬೀಜದೆಲೆಗಳನ್ನು ಬಿಡಿಸಿಕೊಳ್ಳಲು ಬಿಡುವುದಿಲ್ಲ. ಬೀಜ ತೀರಾ ಮೇಲೆ ಇದ್ದಾಗ, ಮೇಲ್ಮಣ್ಣು ಒಣಗಿದಾಗ ಇದು ಹೆಚ್ಚು. ಉಗುರಿನಿಂದ ಎಳೆದರೆ ಚಿಗುರೇ ಕಿತ್ತುಬರುತ್ತದೆ. ಬೆಳಗ್ಗೆ ಸಂಜೆ ತಲೆಯ ಮೇಲೆ ನೀರು ಸಿಂಪಡಿಸಿ, ಇಲ್ಲವೇ ಒದ್ದೆ ಹತ್ತಿ ಸುತ್ತಿ ಗಂಟೆ ಹೊತ್ತು ಬಿಡಿ. ಸಿಪ್ಪೆ ಮೆತ್ತಗಾಗಿ ತಾನೇ ಜಾರುತ್ತದೆ.

ಜುಲೈ, ಆಗಸ್ಟ್ ಮಳೆಯಲ್ಲಿ ಬುಡ ಕೊಳೆತು ಸಸಿ ಮಲಗುವುದು ಕೊಡಗಿನ ಎಲ್ಲ ನರ್ಸರಿಗಳ ಪಾಡು. ಔಷಧಿಗಿಂತ ಮೊದಲು ಚೀಲಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿ, ಬದಿ ತೆರೆದಿಡಿ. ಮಳೆಹನಿ ನೇರ ಬೀಳದಂತಾದರೆ ಅರ್ಧ ರೋಗ ಬರುವುದೇ ಇಲ್ಲ. ಗೊಬ್ಬರಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸುವುದು ಒಳ್ಳೆಯದು. ಕೊಳೆ ಕಂಡರೆ ಸತ್ತ ಸಸಿಯನ್ನು ಚೀಲ ಸಮೇತ ದೂರ ಒಯ್ದು, ಉಳಿದವಕ್ಕೆ ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಕಲಸಿ ಬುಡಕ್ಕೆ ಹೊಯ್ಯಿರಿ. ಶನಿವಾರಸಂತೆ ಕಡೆಯವರು ಆಫ್ರಿಕನ್ ಬಸವನಹುಳುವಿನ ಮೇಲೂ ಕಣ್ಣಿಡಬೇಕು, ಒಂದು ರಾತ್ರಿಗೆ ಸಾಲು ಸಾಲು ಎಳೆಸಸಿ ಹೋಗುತ್ತದೆ.

ನೆರಳು ಜಾತಿಯ ಪ್ರಕಾರ. ತೂಪರೆ, ಜಗಳಗಂಟಿಗೆ ಮೊದಲ ಎರಡು ತಿಂಗಳ ನಂತರ ನೆರಳುಬಲೆ ತೆಗೆದು ಬಿಸಿಲಿಗೆ ಬಿಡಿ. ಹೊಳೆತೂಪರೆಗೆ ಶೇ. 50ರ ಬಲೆ, ಕರಿಮರಗಳಿಗೆ ಶೇ. 75ರದ್ದು. ಚೀಲಗಳನ್ನು ಎರಡು ತಿಂಗಳಿಗೊಮ್ಮೆ ಎತ್ತಿ ಜಾಗ ಬದಲಿಸದಿದ್ದರೆ ಬೇರು ತೂತಿನಿಂದ ನೆಲಕ್ಕಿಳಿದು, ನೆಡುವ ದಿನ ಎತ್ತಿದಾಗ ತುಂಡಾಗುತ್ತದೆ. ಇಟ್ಟಿಗೆಯ ಮೇಲೆ ಬಿದಿರಿನ ತಟ್ಟಿ ಹಾಕಿ ಅದರ ಮೇಲಿಟ್ಟರೆ ಈ ಕೆಲಸವೇ ತಪ್ಪುತ್ತದೆ.

ತೂಪರೆಗೆ ನರ್ಸರಿಗಿಂತ ನೇರ ಬಿತ್ತನೆಯೇ ಮೇಲು. ಜೂನ್ ಮೊದಲ ಮಳೆಗೆ ಒಂದು ಗುಣಿಗೆ ಮೂರು ಬೀಜ ಹಾಕಿ, ಹಂದಿ, ಮುಳ್ಳುಹಂದಿ ಕೆದಕದಂತೆ ಮುಳ್ಳುಕೊಂಬೆ ಮುಚ್ಚಿ. ಬೆಳೆದ ತೂಪರೆ ಮರ ಈಗಾಗಲೇ ಇರುವವರು ಬಿತ್ತುವುದೂ ಬೇಡ. ಅದರ ಬೇರಿನಿಂದಲೇ ಮರಿಗಳು ಏಳುತ್ತವೆ, ದನ ಮತ್ತು ಬೆಂಕಿಯಿಂದ ಕಾಪಾಡಿದರೆ ಸಾಕು. ಬೇರುಮರಿಗಳೆಲ್ಲ ತಾಯಿಮರದ ಲಿಂಗವೇ ಎಂಬುದು ನೆನಪಿರಲಿ.

ನೆಡುವುದು

ಸಸಿ ಒಂದೂವರೆ ಅಡಿ ಆಗಲು ಸಾಮಾನ್ಯವಾಗಿ ಎರಡನೇ ಮಳೆಗಾಲ ಬರಬೇಕು. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಯನ್ನು ಏಪ್ರಿಲ್‌ನಲ್ಲೇ ತೆಗೆದು ಬಿಸಿಲು ಕಾಯಿಸಿ. ಪೂರ್ವದಲ್ಲಿ ಜೂನ್, ಜುಲೈಯಲ್ಲೇ ನೆಟ್ಟು ಮುಗಿಸಿ. ತಡವಾದರೆ ಡಿಸೆಂಬರ್ ನಂತರದ ಒಣಹವೆ ಬರುವಷ್ಟರಲ್ಲಿ ಬೇರು ಆಳಕ್ಕೆ ಇಳಿದಿರುವುದಿಲ್ಲ. ಪಶ್ಚಿಮದಲ್ಲಿ ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಜಡಿಮಳೆಗೆ ನೆಟ್ಟರೆ ಗುಣಿಯೇ ಬಾವಿಯಾಗುತ್ತದೆ. ಜೂನ್ ಮೊದಲ ವಾರಕ್ಕೆ ಆಗದಿದ್ದರೆ ಮಳೆ ಇಳಿಯುವ ಸೆಪ್ಟೆಂಬರ್‌ವರೆಗೆ ಕಾಯಿರಿ.

ಹೊಳೆತೂಪರೆಯನ್ನು ನೀರಿನ ಅಂಚಿಗೇ ನೆಡಬೇಡಿ. 2018 ಮತ್ತು 2019ರ ಆಗಸ್ಟ್ ಪ್ರವಾಹಗಳಲ್ಲಿ ದಂಡೆ ಕುಸಿದ ಜಾಗಗಳಲ್ಲಿ ಬಹಳ ಜನ ಇಂಥ ತಪ್ಪಿಗೆ ಮನಸ್ಸು ಮಾಡುತ್ತಾರೆ. ಬೇರೂರದ ಸಸಿ ಮೊದಲ ನೆರೆಗೇ ಹೋಗುತ್ತದೆ. ಸಾಧಾರಣ ಮಳೆಗಾಲದ ನೀರಿನ ಮಟ್ಟಕ್ಕಿಂತ ಮೇಲೆ, ಎರಡು ಮೂರು ಮೀಟರ್ ಹಿಂದೆ ನೆಟ್ಟು, ಮುಂದಿನ ಸಾಲಿನಲ್ಲಿ ಹುಲ್ಲು, ಬಿದಿರು ಇರಲಿ. ಜೊತೆಗೆ ಹೊಳೆಮತ್ತಿ, ಹೊಂಗೆ, ನೇರಳೆ, ಹೊಳೆದಾಸವಾಳ ಬೆರೆಸಿ. ಒಂದೇ ಜಾತಿಯ ಸಾಲು ದಂಡೆ ಹಿಡಿಯುವುದಿಲ್ಲ.

ಗಿಡ ಚಿಕ್ಕದಿರುವಾಗ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಎರಡೂ ಸಮಸಮ ಹುಟ್ಟುತ್ತವೆಂದು ಲೆಕ್ಕ ಹಿಡಿದರೆ, 3 ಗಿಡ ನೆಟ್ಟಾಗ ಎಲ್ಲವೂ ಒಂದೇ ಲಿಂಗವಾಗುವ ಸಂಭವ ನಾಲ್ಕರಲ್ಲಿ ಒಂದು. 5 ನೆಟ್ಟರೆ ಹದಿನಾರರಲ್ಲಿ ಒಂದು. 7 ನೆಟ್ಟರೆ ಅರವತ್ತನಾಲ್ಕರಲ್ಲಿ ಒಂದು. ಹಾಗಾಗಿ ಅಲ್ಲೊಂದು ಇಲ್ಲೊಂದು ನೆಡುವ ಬದಲು ಏಳೆಂಟು ಗಿಡಗಳ ಗುಂಪು ಮಾಡಿ, ಗಿಡದಿಂದ ಗಿಡಕ್ಕೆ 5-6 ಮೀಟರ್ ಬಿಡಿ.

ಕಾಫಿಯ ನಡುವೆ ನೆಡುವವರು ಇವುಗಳಿಂದ ಬೇಗ ನೆರಳು ನಿರೀಕ್ಷಿಸಬಾರದು. ನಿಧಾನದ ಮರಗಳು ಇವು. ಕರಿಮರಗಳು ಬೆಳೆದ ಮೇಲೆ ಎಲೆ ಉದುರಿಸದೆ ದಟ್ಟ ನೆರಳು ಕೊಡುವುದರಿಂದ ರೊಬಸ್ಟಾ ಸಾಲಿನ ನಡುವೆ ಅಷ್ಟಾಗಿ ಹೊಂದುವುದಿಲ್ಲ. ತೋಡಿನ ಬದಿ, ಬೇಲಿ, ಕಾಫಿ ಹಾಕದ ಕಡಿದಾದ ಮೂಲೆಗಳೇ ಸರಿ. ಮರಗಸಿಯ (ನೆರಳುಮರಗಳ ಕೊಂಬೆ ಕಡಿಯುವ ಕೆಲಸದ) ಆಳುಗಳಿಗೆ ಮೊದಲೇ ತೋರಿಸಿಡಿ, ಎಳೆಯ ಮರದ ತುದಿ ಕತ್ತರಿಸಿದರೆ ಮತ್ತೆ ನೇರ ಏಳಲು ವರ್ಷಗಳು ಹಿಡಿಯುತ್ತವೆ.

ಮೊದಲ ಮೂರು ವರ್ಷ ಬುಡಕ್ಕೆ ಒಣಎಲೆಯ ಹೊದಿಕೆ, ಮಳೆಗಾಲದ ಮೊದಲು ಮತ್ತು ನಂತರ ಒಂದೊಂದು ಕೈಗಳೆ, ಮೊದಲ ಬೇಸಿಗೆಯ ಫೆಬ್ರವರಿಯಿಂದ ಕಾಫಿಯ ಹೂ ಅರಳಿಸುವ ಹೂಮಳೆ ಬರುವವರೆಗೆ ವಾರಕ್ಕೊಮ್ಮೆ ಒಂದು ಕೊಡ ನೀರು. ಕಳೆನಾಶಕ ಹತ್ತಿರ ಸುಳಿಯಬಾರದು. ಪೂರ್ವದ ಒಣಜಾಗದಲ್ಲಿ ಜನವರಿಯೊಳಗೆ ಗುಂಪಿನ ಸುತ್ತ ಆರಡಿ ಅಗಲದ ಬೆಂಕಿಪಟ್ಟಿ ಕೆರೆಸಿ.

ಹೂವು ಬರಲು ಹಲವು ವರ್ಷ ಕಾಯಬೇಕು. ಬಂದಾಗ ನೋಡಿ: ಎಲೆಕಂಕುಳಲ್ಲಿ ಮೂರೋ ಹೆಚ್ಚೋ ಹೂ ಗೊಂಚಲಾಗಿದ್ದರೆ ಹೆಚ್ಚಾಗಿ ಗಂಡು, ಒಂಟಿಯಾಗಿ ದಪ್ಪ ಪುಷ್ಪಪಾತ್ರೆಯ ಹೂವಿದ್ದರೆ ಹೆಣ್ಣು. ಆಗ ಪ್ರತಿ ಮರಕ್ಕೂ ಗುರುತಿನ ಪಟ್ಟಿ ಕಟ್ಟಿ ಪುಸ್ತಕದಲ್ಲಿ ಬರೆದಿಡಿ. ಗುಂಪು ಒತ್ತೊತ್ತಾಗಿ ತೆಳುಮಾಡಬೇಕಾದರೆ, ಸರ್ಕಾರದ ಹಕ್ಕಿರುವ ಬಾಣೆಯಲ್ಲಂತೂ ಮರ ಕಡಿಯಲು ಇಲಾಖೆಯ ಅನುಮತಿ ಪಡೆದೇ ಮುಂದುವರಿಯಿರಿ, ಮತ್ತು ಕಾಯಿ ಬಿಡುವುದಿಲ್ಲವೆಂದು ಗಂಡು ಮರಗಳನ್ನೆಲ್ಲ ತೆಗೆಸಬೇಡಿ. ನಾಲ್ಕೈದು ಹೆಣ್ಣಿಗೆ ಒಂದು ಗಂಡಾದರೂ ನಿಂತಿರಬೇಕು.